ಜ್ವರಕ್ಕೆ ಹೆಸರು ಬರುವ ಹೊತ್ತಿಗೆ

2022ರ ಡಿಸೆಂಬರ್ 8ರಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ ಕರ್ನಾಟಕದ ಆರೋಗ್ಯ ಇಲಾಖೆಗೆ ಒಂದು ವರದಿ ಬಂತು. ಮೂರು ದಿನ ಮುಂಚೆ ಕಳಿಸಿದ್ದ ಮೂರು ರಕ್ತದ ಮಾದರಿಗಳಲ್ಲಿ ಎರಡರಲ್ಲಿ ಏನೂ ಸಿಕ್ಕಿರಲಿಲ್ಲ. ಮೂರನೆಯದರಲ್ಲಿ ಝೀಕಾ ವೈರಾಣು ಇತ್ತು. ಅದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಐದು ವರ್ಷದ ಹುಡುಗಿಯ ರಕ್ತ. ರಾಜ್ಯದಲ್ಲಿ ದೃಢಪಟ್ಟ ಮೊದಲ ಝೀಕಾ ಪ್ರಕರಣ ಇದೆಂದು ಅಂದಿನ ಆರೋಗ್ಯ ಸಚಿವ ಕೆ. ಸುಧಾಕರ್ ಪ್ರಕಟಿಸಿದರು. ಆ ಮಗು ದೂರದೂರಿಗೆ ಪ್ರಯಾಣ ಮಾಡಿರಲಿಲ್ಲ. ಅಂದರೆ ವೈರಾಣು ಅಲ್ಲಿನ ಸೊಳ್ಳೆಗಳಲ್ಲೇ ಇತ್ತು. ಸಚಿವರ ವಿವರಣೆಯಲ್ಲಿದ್ದ ಇನ್ನೊಂದು ಮಾತು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಮಗುವಿನ ರಕ್ತವನ್ನು ಮೊದಲು ಡೆಂಗಿ ಮತ್ತು ಚಿಕುನ್‌ಗುನ್ಯ ಪತ್ತೆಗಾಗಿ ಪರೀಕ್ಷಿಸಲಾಗಿತ್ತು. ಅಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ಶೇ 10ರಷ್ಟನ್ನು ಮಾತ್ರ ಪುಣೆಗೆ ಕಳಿಸುವ ರೂಢಿಯಿತ್ತು. ಆ ಹತ್ತನೆಯ ಒಂದು ಪಾಲಿನಲ್ಲಿ ಈ ಮಗುವಿನ ಮಾದರಿ ಸೇರದಿದ್ದರೆ ಮಾನ್ವಿಯ ಆ ಜ್ವರ ಬಂದು ಹೋದ ನೂರಾರು ಜ್ವರಗಳಲ್ಲಿ ಒಂದಾಗಿ ಮರೆತುಹೋಗುತ್ತಿತ್ತು.

ಝೀಕಾ ರಕ್ತಸ್ರಾವದ ಜ್ವರವಲ್ಲ. ಹೆಚ್ಚಿನವರಲ್ಲಿ ಲಕ್ಷಣವೇ ಕಾಣುವುದಿಲ್ಲ, ಕಂಡರೂ ಮೈ ಬೆಚ್ಚಗಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿಗೆ ಮಾತ್ರ ಅದು ದೊಡ್ಡ ಅಪಾಯ. ಆದರೆ ಡೆಂಗಿ, ಹಳದಿ ಜ್ವರ, ಮಲೆನಾಡಿನ ಮಂಗನ ಕಾಯಿಲೆ ಮತ್ತು ಝೀಕಾ, ಈ ನಾಲ್ಕರ ವೈರಾಣುಗಳೂ ಒಂದೇ ಕುಲದವು. ಝೀಕಾವನ್ನು ಹೊತ್ತು ತರುವ ಈಡಿಸ್ ಸೊಳ್ಳೆಯೇ ಡೆಂಗಿಯನ್ನೂ ತರುತ್ತದೆ, ಮತ್ತು ರಾಯಚೂರು ಸೀಮೆಯ ಜನರನ್ನು ರಕ್ತ ಸೋರುವ ಹಂತಕ್ಕೆ ಒಯ್ಯುವ ವೈರಾಣು ಜ್ವರವೆಂದರೆ ಮುಖ್ಯವಾಗಿ ಡೆಂಗಿ. ಹಾಗಾಗಿ ಮಾನ್ವಿಯ ಆ ವರದಿಯನ್ನು ಒಂದು ಸಾಕ್ಷ್ಯವಾಗಿ ಓದಬೇಕು. ರಕ್ತಸ್ರಾವದ ಜ್ವರಗಳ ಚರಿತ್ರೆಯನ್ನು ಎಲ್ಲಿಂದ ಎಲ್ಲಿಯವರೆಗೆ ನೋಡಿದರೂ ಸಾವಿನ ಪ್ರಮಾಣವನ್ನು ನಿರ್ಧರಿಸಿದ್ದು ವೈರಾಣುವಿನ ಉಗ್ರತೆಯೊಂದೇ ಅಲ್ಲ. ಜ್ವರ ಹುಟ್ಟಿದ ಊರಿಗೂ ಅದಕ್ಕೆ ಹೆಸರು ಕೊಡುವ ಪ್ರಯೋಗಾಲಯಕ್ಕೂ ನಡುವಿನ ಕಾಲಾವಧಿ ಅದಕ್ಕಿಂತ ನಿರ್ಣಾಯಕವಾಗಿದೆ. ಆ ಅವಧಿ ಕಡಿಮೆಯಾದಲ್ಲಿ ಆಸ್ಪತ್ರೆಯೂ ಊರೂ ಉಳಿದಿವೆ. ಉದ್ದವಾದಲ್ಲಿ ಎರಡೂ ಸೋತಿವೆ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಆಗಬೇಕಾದ ಮೊದಲ ಕೆಲಸ ಈ ಅವಧಿಯನ್ನು ತಗ್ಗಿಸುವುದು ಎಂಬುದು ಈ ಲೇಖನದ ವಾದ.

ಹೆಸರಿಡುವ ಕೆಲಸ ಬೇಗ ಆದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲ ಹಳ್ಳಿಗಳಲ್ಲಿ ಉಗ್ರ ಜ್ವರ ಹರಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಪುಣೆಯಲ್ಲಿ ಕಟ್ಟಿದ್ದ ವೈರಾಣು ಸಂಶೋಧನಾ ಕೇಂದ್ರ ಆಗ ಕೆಲಸದಲ್ಲಿತ್ತು. ಮಂಗಗಳ ಸಾವು ಮತ್ತು ಮನುಷ್ಯರ ಜ್ವರ ಒಟ್ಟಿಗೆ ಕಂಡಾಗ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯದಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದ ವಿಜ್ಞಾನಿಗಳು ಕಾಡಿಗೆ ಧಾವಿಸಿದರು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಲ್ಲ, ಉಣ್ಣೆಗಳಿಂದ ಹರಡುವ ಹೊಸ ವೈರಾಣು ಎಂದು ಕಂಡುಕೊಂಡರು. 1957ರಲ್ಲಿ 466, ಮರುವರ್ಷ 181 ಪ್ರಕರಣಗಳು ದಾಖಲಾದವು. ಮಂಗನ ಕಾಯಿಲೆಯೆಂದು ಕರೆಯುವ ಈ ರೋಗ ಇಂದಿಗೂ ಅಳಿದಿಲ್ಲ, ಆದರೆ ಯಾವ ತಿಂಗಳಲ್ಲಿ, ಯಾವ ಕಾಡಿನ ಅಂಚಿನಲ್ಲಿ, ಯಾರಿಗೆ ಅಪಾಯ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಮಂಗ ಸತ್ತರೆ ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಿಸುವುದು ಮಲೆನಾಡಿನಲ್ಲಿ ಪದ್ಧತಿಯಾಯಿತು, ಶಿವಮೊಗ್ಗದಲ್ಲೇ ಪರೀಕ್ಷಾಲಯ ಬಂತು.

ಬಯಲುಸೀಮೆಗೆ ಅಂಥ ಮುನ್ಸೂಚನೆ ಇಲ್ಲ. ಡೆಂಗಿಗಿಂತ ಮುಂಚೆ ಸತ್ತು ಎಚ್ಚರಿಸುವ ಪ್ರಾಣಿ ಯಾವುದೂ ದೇವದುರ್ಗದ ಹೊಲಗಳಲ್ಲಿಲ್ಲ. ಅಲ್ಲಿ ಮೊದಲ ಸೂಚನೆ ಮನುಷ್ಯನ ಜ್ವರವೇ, ಅದನ್ನು ಕೇಳಿಸಿಕೊಳ್ಳಬೇಕಾದದ್ದು ಹತ್ತಿರದ ದವಾಖಾನೆಯೇ. ಡೆಂಗಿ ಹಳೆಯ ಕಾಯಿಲೆ; ಮೈಕೈ ನೋವಿನ ಜ್ವರವೆಂದು ಅದನ್ನು ಎಷ್ಟೋ ಕಾಲ ಹಗುರವಾಗಿ ಕಾಣಲಾಗಿತ್ತು. 1953–54ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಮಕ್ಕಳು ರಕ್ತಸ್ರಾವವಾಗಿ ಸಾಯತೊಡಗಿದಾಗ ಅದರ ಇನ್ನೊಂದು ಮುಖ ಕಂಡಿತು. 1963–64ರಲ್ಲಿ ಅದು ಕಲ್ಕತ್ತೆಗೆ ಬಂತು. 1996ರಲ್ಲಿ ದೆಹಲಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ, 423 ಮಂದಿ ತೀರಿಕೊಂಡರು. ದೇಶದ ರಾಜಧಾನಿಯ ದೊಡ್ಡ ಆಸ್ಪತ್ರೆಗಳೇ ಆ ವರ್ಷ ತತ್ತರಿಸಿದವು, ಏಕೆಂದರೆ ಈ ರೂಪದ ಡೆಂಗಿಯನ್ನು ನಿಭಾಯಿಸುವ ರೀತಿ ಆಗಿನ್ನೂ ಬಹುಪಾಲು ವೈದ್ಯರಿಗೆ ಕೈಹತ್ತಿರಲಿಲ್ಲ. ಆಮೇಲೆ ಅದು ಪ್ರತಿ ಮಳೆಗಾಲದ ಅತಿಥಿಯಾಗಿ ನಗರಗಳಿಂದ ಪಟ್ಟಣಗಳಿಗೆ, ಪಟ್ಟಣಗಳಿಂದ ಹಳ್ಳಿಗಳಿಗೆ ಹಬ್ಬಿತು. 2024ರಲ್ಲಿ ಕರ್ನಾಟಕದಲ್ಲಿ ಆಗಸ್ಟ್ ಕೊನೆಯ ವೇಳೆಗೆ ಸುಮಾರು 25 ಸಾವಿರ ಪ್ರಕರಣಗಳು ವರದಿಯಾದವು. ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ಈ ಜ್ವರ ಕೊಲ್ಲುವ ಬಗೆಯನ್ನು ಅರಿತರೆ ಕಾಲಾವಧಿ ಏಕೆ ಮುಖ್ಯವೆಂಬುದು ಸ್ಪಷ್ಟವಾಗುತ್ತದೆ. ಡೆಂಗಿಯಲ್ಲಿ ನಾಲ್ಕು ಬಗೆಯ ವೈರಾಣುಗಳಿವೆ. ಒಂದು ಬಗೆ ತಗುಲಿ ವಾಸಿಯಾದವರಿಗೆ ಆಮೇಲೆ ಇನ್ನೊಂದು ಬಗೆ ತಗುಲಿದರೆ, ಹಳೆಯ ಪ್ರತಿಕಾಯಗಳೇ ಹೊಸ ವೈರಾಣುವಿಗೆ ಜೀವಕೋಶದೊಳಗೆ ದಾರಿ ಮಾಡಿಕೊಡುವುದುಂಟು. ಆಗ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಉಳಿದ ರಕ್ತ ಗಟ್ಟಿಯಾಗುತ್ತದೆ, ನಾಡಿ ಕ್ಷೀಣಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ವಸಡಿನಲ್ಲಿ, ಮೂಗಿನಲ್ಲಿ ರಕ್ತ ಕಾಣುವ ಮುಂಚೆಯೇ ಒಳಗಿನ ಈ ಸೋರಿಕೆ ಪ್ರಾಣಕ್ಕೆ ಕುತ್ತು ತರಬಲ್ಲದು. ಇದು ನಡೆಯುವುದು ಸಾಮಾನ್ಯವಾಗಿ ಜ್ವರದ ಮೂರರಿಂದ ಏಳನೆಯ ದಿನದೊಳಗೆ, ಮೈ ಬಿಸಿ ಇಳಿಯುವ ಹೊತ್ತಿನಲ್ಲಿ. ಮನೆಯವರು ಜ್ವರ ಬಿಟ್ಟಿತೆಂದು ಸಮಾಧಾನಪಡುವ ಆ 24ರಿಂದ 48 ಗಂಟೆಯೇ ಗಂಡಾಂತರದ ಕಾಲ. ತಡೆಯದ ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು ಬಡಿದಂಥ ಸುಸ್ತು, ಮೂತ್ರ ಕಡಿಮೆಯಾಗುವುದು ಅದರ ಎಚ್ಚರಿಕೆಗಳು. ಇದಕ್ಕೆ ವೈರಾಣು ಕೊಲ್ಲುವ ಔಷಧವಿಲ್ಲ. ಅಳತೆಯರಿತು ಕೊಡುವ ದ್ರವ ಮತ್ತು ಕಣ್ಣಿಟ್ಟು ಕಾಯುವ ಆರೈಕೆಯೇ ಚಿಕಿತ್ಸೆ. ಅಷ್ಟು ಸಿಕ್ಕರೆ ತೀವ್ರ ಡೆಂಗಿಯಲ್ಲೂ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಸಿಗದಿದ್ದರೆ ನೂರಕ್ಕೆ ಇಪ್ಪತ್ತು ದಾಟಬಹುದು. ಇಷ್ಟು ದೊಡ್ಡ ಅಂತರವನ್ನು ಉಂಟುಮಾಡುವುದು ರೋಗಿ ಯಾವ ಗಂಟೆಯಲ್ಲಿ ಯಾರ ಕಣ್ಣಿಗೆ ಬಿದ್ದ ಎಂಬ ಸಂಗತಿ.

ಈಗ ಇದನ್ನು ರಾಯಚೂರು ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡೋಣ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ರಿಮ್ಸ್, ಜಿಲ್ಲಾ ಕೇಂದ್ರದಲ್ಲಿದೆ. ಮಾನ್ವಿಯೂ ದೇವದುರ್ಗವೂ ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರ. ಪ್ರಾದೇಶಿಕ ಅಸಮಾನತೆ ಕುರಿತು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಈ ಎರಡೂ ತಾಲ್ಲೂಕುಗಳು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿವೆ. ಜ್ವರ ಬಂದ ಕೂಲಿಕಾರ ಮೊದಲ ದಿನವೇ 50 ಕಿಲೋಮೀಟರ್ ಬಸ್ಸಿನಲ್ಲಿ ಹೋಗುವುದಿಲ್ಲ. ದಿನದ ಕೂಲಿ ತಪ್ಪುತ್ತದೆ, ಜೊತೆಗೆ ಬರುವವರ ಕೂಲಿಯೂ ತಪ್ಪುತ್ತದೆ. ಅವನು ಹೋಗುವುದು ಊರಿನ ಆರ್‌ಎಂಪಿ ಡಾಕ್ಟರ ಬಳಿಗೆ, ಒಂದು ಸೂಜಿ ಮಾಡಿಸಿಕೊಳ್ಳಲು, ಸಾಧ್ಯವಾದರೆ ಒಂದು ಸಲೈನ್ ಹಚ್ಚಿಸಿಕೊಳ್ಳಲು. ಮರುದಿನ ಹೊಲಕ್ಕೆ ಹೋಗುವ ಶಕ್ತಿ ಬರಲೆಂಬ ಆಸೆ ಅದರ ಹಿಂದಿದೆ. ಡೆಂಗಿಯಲ್ಲಿ ಅದೇ ಅಪಾಯ: ಡೈಕ್ಲೊಫೆನಾಕ್‌ನಂಥ ನೋವಿನ ಇಂಜೆಕ್ಷನ್ ರಕ್ತಸ್ರಾವವನ್ನು ಹೆಚ್ಚಿಸುತ್ತದೆ, ಅಳತೆಯಿಲ್ಲದ ಸಲೈನ್ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ಎರಡು ದಿನ ತಾತ್ಕಾಲಿಕ ಆರಾಮ ಸಿಕ್ಕ ಮೇಲೆ, ಸೋರಿಕೆ ಶುರುವಾಗುವ ಹೊತ್ತಿಗೆ ರೋಗಿ ರಾಯಚೂರಿನ ದಾರಿ ಹಿಡಿದಿರುತ್ತಾನೆ. ಸಾವು ದಾಖಲಾಗುವುದು ರಾಯಚೂರಿನಲ್ಲಿ. ತಪ್ಪು ನಡೆದದ್ದು ಅದಕ್ಕೆ ನಾಲ್ಕು ದಿನ ಮುಂಚೆ, 50 ಕಿಲೋಮೀಟರ್ ಆಚೆ.

ಅದೇ ಸೂಜಿ ಇನ್ನೊಂದು ದಾರಿಯಲ್ಲೂ ಕೊಂದಿದೆ. 1976ರಲ್ಲಿ ಕಾಂಗೋದ ಯಾಂಬುಕು ಮಿಷನ್ ಆಸ್ಪತ್ರೆಯಲ್ಲಿ ಎಬೋಲಾ ಹರಡಿದ್ದು ಮುಖ್ಯವಾಗಿ ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಮತ್ತೆ ಬಳಸಿದ ಸೂಜಿಗಳಿಂದ. ನಮ್ಮ ದೇಶಕ್ಕೂ ಇಂಥ ಪಾಠ ಬಂದಿದೆ. 2011ರ ಜನವರಿಯಲ್ಲಿ ಗುಜರಾತಿನ ಸಾಣಂದ್ ಬಳಿಯ ಹಳ್ಳಿಯ ಮಹಿಳೆಯೊಬ್ಬರು ರಕ್ತಸ್ರಾವದ ಜ್ವರದಿಂದ ಅಹಮದಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಳಿಕ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯ ಮತ್ತು ದಾದಿಯೂ ಸತ್ತರು. ಅದು ಕ್ರಿಮಿಯನ್–ಕಾಂಗೋ ಜ್ವರವೆಂದು ಪುಣೆಯ ಸಂಸ್ಥೆ ಖಚಿತಪಡಿಸುವ ಹೊತ್ತಿಗೆ ಆಸ್ಪತ್ರೆಯೇ ರೋಗದ ತಾಣವಾಗಿತ್ತು. ದನಕುರಿಗಳ ಉಣ್ಣೆಯಿಂದ ಬರುವ ಆ ವೈರಾಣುವಿನ ಗುರುತುಗಳು ದೇಶದ ಹಲವು ರಾಜ್ಯಗಳ ಜಾನುವಾರುಗಳಲ್ಲಿ ಸಿಕ್ಕಿವೆ. ಕುರಿ ಸಾಕಣೆ ಇಷ್ಟು ವ್ಯಾಪಕವಾಗಿರುವ ರಾಯಚೂರು ಸೀಮೆ ಅದನ್ನು ದೂರದ ಸುದ್ದಿಯೆಂದು ಬಿಡುವಂತಿಲ್ಲ. ಇದಕ್ಕೆ ಎದುರಾದ ಉದಾಹರಣೆ 2018ರ ಮೇ ತಿಂಗಳ ಕೋಯಿಕ್ಕೋಡ್. ನಿಫಾ ರಕ್ತಸ್ರಾವದ ಜ್ವರವಲ್ಲದಿದ್ದರೂ ಆಸ್ಪತ್ರೆಯಲ್ಲಿ ಹರಡುವ ರೀತಿ ಅಂಥದ್ದೇ. ಒಂದೇ ಕುಟುಂಬದ ಎರಡನೆಯ ರೋಗಿ ಬಂದಾಗಲೇ ಅಲ್ಲಿನ ವೈದ್ಯರು ಅನುಮಾನಪಟ್ಟು ಮಾದರಿಗಳನ್ನು ನಮ್ಮ ಮಣಿಪಾಲದ ವೈರಾಣು ಪ್ರಯೋಗಾಲಯಕ್ಕೆ ಕಳಿಸಿದರು. ಹೆಸರು ತಿಳಿದ ಕೂಡಲೇ ಪ್ರತ್ಯೇಕ ವಾರ್ಡು, ರಕ್ಷಣಾ ಉಡುಪು, ಸಂಪರ್ಕಿತರ ಪಟ್ಟಿ ಸಿದ್ಧವಾದವು. ಆ ವೇಳೆಗೆ ಸೋಂಕು ತಗುಲಿದ್ದವರಲ್ಲಿ ಬಹುಮಂದಿ ಉಳಿಯಲಿಲ್ಲ, ಆದರೆ ರೋಗ ಕೆಲವೇ ವಾರಗಳಲ್ಲಿ ನಿಂತಿತು. ಕಲ್ಯಾಣ ಕರ್ನಾಟಕಕ್ಕೆ ತನ್ನದೇ ಕಹಿ ನೆನಪಿದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರದ್ದು. ಅದು ಕೋವಿಡ್ ಎಂಬ ಖಚಿತ ಫಲಿತಾಂಶ ಪ್ರಕಟವಾದದ್ದು ಅವರು ತೀರಿಕೊಂಡ ಎರಡು ದಿನಗಳ ಮೇಲೆ.

ಊರಿನ ಕಡೆಗೆ ಬಂದರೆ ಪ್ರಶ್ನೆ ನೀರಿನದು. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಈ ದೋಆಬ್ ಹೆಸರಿಗೆ ಎರಡು ನದಿಗಳ ನಾಡು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಮತ್ತು ರಾಯಚೂರಿಗೆ ಬರುತ್ತದೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ. ಆದರೆ ಮಾನ್ವಿ, ರಾಯಚೂರು ಕಾಲುವೆಯ ಕೊನೆಭಾಗದಲ್ಲಿವೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಕೆರೆಯಲ್ಲಿ ತುಂಬಿಟ್ಟ ನೀರೇ ಗತಿ. ಕೊಳವೆಬಾವಿ ತೋಡಿದರೆ ಹಲವೆಡೆ ಫ್ಲೋರೈಡು. ನಲ್ಲಿಯಲ್ಲಿ ಬಂದ ನೀರನ್ನೂ ನಂಬುವಂತಿಲ್ಲವೆಂದು ಜನ ಕಲಿತಿದ್ದಾರೆ: 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಅದೇ ಕಾರಣಕ್ಕೆ ಊರಿಗೆ ಊರೇ ಹಾಸಿಗೆ ಹಿಡಿಯಿತು. ಹೀಗಾಗಿ ನೀರು ಬಂದ ದಿನ ಡ್ರಮ್ಮು, ಹರವಿ, ಸಿಮೆಂಟ್ ತೊಟ್ಟಿ, ಬಕೆಟ್ಟು ಎಲ್ಲವೂ ತುಂಬುತ್ತವೆ. ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ತಿಳಿನೀರೇ. ಕಾಲುವೆ, ಗದ್ದೆಗಳಲ್ಲಿ ಹುಟ್ಟುವ ಮಲೇರಿಯಾ ಸೊಳ್ಳೆಗಿಂತ ಇದು ಭಿನ್ನ. ಹಗಲು ಕಚ್ಚುತ್ತದೆ, ಹುಟ್ಟಿದ ಮನೆಯಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗುವುದು ಅಪರೂಪ. ಅದರ ಮೊಟ್ಟೆ ಒಣಗಿದ ಪಾತ್ರೆಯ ಅಂಚಿನಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಮರಿಯಾಗುತ್ತದೆ. ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು.

ಈ ಕಾರಣಕ್ಕೇ ಹೊಗೆ ಹಾಕುವ ಯಂತ್ರದ ಮೇಲಿನ ಭರವಸೆ ತಪ್ಪುದಾರಿಯದು. 1953ರಿಂದ ನಡೆದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಗೋಡೆಗೆ ಡಿಡಿಟಿ ಹೊಡೆದು ದೇಶ ದೊಡ್ಡ ಗೆಲುವು ಕಂಡಿತ್ತು. ಸೊಳ್ಳೆಯೆಂದರೆ ಸಿಂಪಡಣೆ ಎಂಬ ಅಭ್ಯಾಸ ಅಲ್ಲಿಂದ ಬಂತು. ಈಡಿಸ್ ಗೋಡೆಗಿಂತ ಹೆಚ್ಚಾಗಿ ನೇತುಹಾಕಿದ ಬಟ್ಟೆಯಲ್ಲಿ, ಮಂಚದ ಕೆಳಗೆ, ಕತ್ತಲೆ ಮೂಲೆಯಲ್ಲಿ ಕೂರುತ್ತದೆ. ಬೀದಿಯ ಹೊಗೆ ಅದನ್ನು ಮುಟ್ಟುವುದು ಕಡಿಮೆ, ತೊಟ್ಟಿಯಲ್ಲಿರುವ ಮರಿಗಳನ್ನಂತೂ ಮುಟ್ಟುವುದೇ ಇಲ್ಲ. ಪ್ರಕರಣ ಪತ್ತೆಯಾದ ಮನೆಯ ಸುತ್ತ, ಒಳಗೂ ಹೊರಗೂ, ಆ ದಿನವೇ ಹೊಗೆ ಹಾಕಿದರೆ ಸೋಂಕು ಹೊತ್ತ ಸೊಳ್ಳೆಗಳು ಒಂದಷ್ಟು ಸಾಯುತ್ತವೆ ಎಂಬುದು ನಿಜ. ಆದರೆ ಆ ದಿನವೇ ಹಾಕಬೇಕಾದರೆ ಆ ದಿನವೇ ಪ್ರಕರಣ ಗೊತ್ತಾಗಬೇಕು. ಅಲ್ಲಿಗೆ ನಾವು ಮತ್ತೆ ಕಾಲಾವಧಿಯ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಹದಿನೈದು ದಿನ ತಡವಾಗಿ ಬಂದ ವರದಿಯನ್ನು ಹಿಡಿದು ಹಾಕುವ ಹೊಗೆ ಜನರ ಸಮಾಧಾನಕ್ಕೆ ಮಾತ್ರ.

ದಂಡದ ಪ್ರಶ್ನೆಯನ್ನೂ ಎದುರಿಸಬೇಕು. ರಾಜ್ಯ ಸರ್ಕಾರದ 2024ರ ನಿಯಮಗಳಲ್ಲಿ ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಲಾಯಿತು. ಇದನ್ನು ಸಮರ್ಥಿಸುವವರು ಸಿಂಗಪುರವನ್ನು ತೋರಿಸುತ್ತಾರೆ: 1968ರ ಕಾನೂನು, ಮನೆಮನೆ ತಪಾಸಣೆ, ದಂಡ, ಅದರಿಂದ ಇಳಿದ ಈಡಿಸ್ ಸಂಖ್ಯೆ. ಆ ಗೆಲುವು ನಿಜ, ಶಿಸ್ತಿಲ್ಲದೆ ಯಾವ ಊರೂ ಸೊಳ್ಳೆಯನ್ನು ಗೆಲ್ಲದು ಎಂಬುದೂ ನಿಜ. ಆದರೆ ಸಿಂಗಪುರದ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ತೊಟ್ಟಿ ತುಂಬಿಡುವುದು ಸಂಸಾರ ನಡೆಸುವ ವಿವೇಕ, ಅದನ್ನು ಅಪರಾಧ ಮಾಡಲಾಗದು. ಅಂಥಲ್ಲಿ ದಂಡಕ್ಕಿಂತ ಹೆಚ್ಚು ಕೆಲಸ ಮಾಡುವುದು ಬಿಗಿಯಾದ ಮುಚ್ಚಳ, ದೊಡ್ಡ ತೊಟ್ಟಿಗೆ ಗಪ್ಪಿ ಮೀನು, ವಾರಕ್ಕೊಮ್ಮೆ ತೊಳೆಯುವ ಒಣದಿನ, ಮತ್ತು ಆ ದಿನಕ್ಕೆ ಹೊಂದುವಂತೆ ನೀರು ಬಿಡುವ ವೇಳಾಪಟ್ಟಿ. ತೊಟ್ಟಿ ಖಾಲಿ ಮಾಡಿದ ಮರುದಿನ ನೀರು ಬಂದೇ ಬರುತ್ತದೆಂಬ ಭರವಸೆಯಿದ್ದರೆ ಹೆಂಗಸರು ಹಿಂದಿನ ಸಂಜೆ ಅದನ್ನು ಖಾಲಿ ಮಾಡುತ್ತಾರೆ. ಭರವಸೆಯಿಲ್ಲದಲ್ಲಿ ಆಶಾ ಕಾರ್ಯಕರ್ತೆ ಎಷ್ಟು ಸಲ ಬಾಗಿಲು ತಟ್ಟಿದರೂ ಫಲವಿಲ್ಲ. ಮುಚ್ಚಳ ಮತ್ತು ನೀರಿನ ಸಮಯ ಎರಡೂ ಇದ್ದ ಮೇಲೂ ಅಲಕ್ಷ್ಯ ಮಾಡುವ ಕಟ್ಟಡದ ಗುತ್ತಿಗೆದಾರರಿಗೆ ದಂಡ ಹಾಕಿದರೆ ಅದು ನ್ಯಾಯ.

ದೊಡ್ಡ ಆಸ್ಪತ್ರೆಯೇ ಮೊದಲು ಬೇಕೆನ್ನುವ ವಾದವೂ ಇದೆ, ಅದರಲ್ಲಿ ಹುರುಳಿದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಒಂದು ಪ್ರದೇಶದ ಜನ ಆಸ್ಪತ್ರೆಗಾಗಿ ಇಷ್ಟು ಕಾಲ ಕೂತದ್ದು ಆ ಪ್ರದೇಶದ ನೋವಿನ ಆಳವನ್ನು ಹೇಳುತ್ತದೆ, ಆ ಬೇಡಿಕೆ ನ್ಯಾಯವಾದದ್ದು. ಆದರೆ ಏಮ್ಸ್ ಬಂದರೂ ದೇವದುರ್ಗದ ಕೂಲಿಕಾರನ ಮೊದಲ ದಿನದ ಜ್ವರ ಅಲ್ಲಿಗೆ ಹೋಗುವುದಿಲ್ಲ. ಡೆಂಗಿಯಲ್ಲಿ ಜೀವ ಉಳಿಸುವ ಮೊದಲ ಸಲಕರಣೆಗಳು ದುಬಾರಿಯವಲ್ಲ: ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸಣ್ಣ ಯಂತ್ರ, ರಕ್ತದೊತ್ತಡ ನೋಡುವ ಪಟ್ಟಿ, ಮೂರು ಗಂಟೆಗೊಮ್ಮೆ ಹಾಸಿಗೆಯ ಬಳಿ ಬರುವ ತರಬೇತಾದ ದಾದಿ. ಪ್ಲೇಟ್‌ಲೆಟ್ ಎಷ್ಟಿದೆ ಎಂಬುದರ ಮೇಲೆಯೇ ಕಣ್ಣಿಟ್ಟು, ರಕ್ತಸ್ರಾವವಿಲ್ಲದಿದ್ದರೂ ಪ್ಲೇಟ್‌ಲೆಟ್ ಏರಿಸಲು ಕುಟುಂಬಗಳು ಸಾಲ ಮಾಡುವುದು ಎಲ್ಲೆಡೆ ಕಾಣುತ್ತದೆ. ಅದರಿಂದ ಲಾಭವಿಲ್ಲವೆಂಬುದು ಈಗ ಸ್ಥಿರಪಟ್ಟ ತಿಳಿವಳಿಕೆ. ತಾಲ್ಲೂಕು ಆಸ್ಪತ್ರೆಯೊಂದು ಈ ಆರೈಕೆಯನ್ನು ಕೊಡಬಲ್ಲದು, ಮತ್ತು ಅಲ್ಲಿ ಉಳಿಸಲಾಗದವರನ್ನು ಸಮಯವಿರುವಾಗಲೇ ರಿಮ್ಸ್‌ಗೆ ಕಳಿಸಬಲ್ಲದು.

ಪ್ರತಿ ಜ್ವರಕ್ಕೂ ಪರೀಕ್ಷೆ ಮಾಡುತ್ತಾ ಹೋದರೆ ಖರ್ಚು ಹೆಚ್ಚು, ಚಿಕಿತ್ಸೆ ಹೇಗಿದ್ದರೂ ಒಂದೇ ಎಂಬುದು ಕೊನೆಯ ಆಕ್ಷೇಪ. ಚಿಕಿತ್ಸೆ ಒಂದೇ ಅಲ್ಲವೆಂದು ಸೂಜಿಯ ವಿಷಯದಲ್ಲೇ ಕಂಡೆವು. ಖರ್ಚಿನ ಮಾತಿಗೆ ಉತ್ತರ ಈಗಿರುವ ವ್ಯವಸ್ಥೆಯಲ್ಲೇ ಇದೆ. 2004ರಲ್ಲಿ ಆರಂಭವಾದ ರೋಗ ಕಣ್ಗಾವಲು ಕಾರ್ಯಕ್ರಮದಲ್ಲಿ ಉಪಕೇಂದ್ರದ ಸಹಾಯಕಿ ತುಂಬುವ ನಮೂನೆಯಲ್ಲಿ ಏಳು ದಿನದೊಳಗಿನ ಜ್ವರವನ್ನು ಬಗೆಬಗೆಯಾಗಿ ವಿಂಗಡಿಸುವ ಅಂಕಣಗಳಿವೆ. ರಕ್ತಸ್ರಾವದೊಂದಿಗಿನ ಜ್ವರ ಅವುಗಳಲ್ಲೊಂದು. ಆ ಅಂಕಣದಲ್ಲಿ ಒಂದು ಸಂಖ್ಯೆ ಬಂದ ದಿನವೇ ಮಾದರಿ ಹೊರಡಬೇಕು, ಒಂದೇ ಓಣಿಯಲ್ಲಿ ಮೂರು ಜ್ವರ ಕಂಡರೂ ಹೊರಡಬೇಕು. ಎಲ್ಲ ಜ್ವರಗಳನ್ನೂ ಪರೀಕ್ಷಿಸುವುದು ಬೇಕಿಲ್ಲ. ಆರಿಸಿ ಪರೀಕ್ಷಿಸಿದರೆ ಸಾಕು. ಡೆಂಗಿ ಪತ್ತೆಗೆ ಮೊದಲ ಐದು ದಿನ ಎನ್‌ಎಸ್1 ಪರೀಕ್ಷೆ, ಆಮೇಲೆ ಐಜಿಎಂ ಎಲೈಸಾ ಪರೀಕ್ಷೆ ಎಂಬ ಕ್ರಮ ಎಲ್ಲ ವೈದ್ಯಾಧಿಕಾರಿಗಳಿಗೂ ಗೊತ್ತಿರುವಂಥದ್ದು. ಕೋವಿಡ್ ಕಾಲದಲ್ಲಿ ರಿಮ್ಸ್‌ಗೆ ಬಂದ ಆರ್‌ಟಿ-ಪಿಸಿಆರ್ ಸಾಮರ್ಥ್ಯವನ್ನು ಜ್ವರಗಳ ಪತ್ತೆಗೆ ಪೂರ್ತಿಯಾಗಿ ತೊಡಗಿಸಿದರೆ ಪುಣೆಯ ಮರುಪರಿಶೀಲನೆ ಎರಡನೆಯ ಹಂತವಾಗುತ್ತದೆ. ಗುಳೆಯ ದಾರಿಯನ್ನೂ ಕೇಳಬೇಕು: ದೇವದುರ್ಗದಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೋದವರು ಕ್ಯೂರಿಂಗ್ ನೀರು ನಿಂತ ಜಾಗಗಳಲ್ಲೇ ಮಲಗುತ್ತಾರೆ, ಜ್ವರ ಬಂದರೆ ಊರಿಗೆ ಮರಳುತ್ತಾರೆ. ಎಲ್ಲಿಂದ ಬಂದಿರಿ ಎಂಬ ಒಂದು ಪ್ರಶ್ನೆ ರೋಗದ ದಾರಿಯನ್ನು ತೋರಿಸಬಲ್ಲದು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಸೊಳ್ಳೆಗಳ ಮಾದರಿಯಲ್ಲೇ ಝೀಕಾ ಪತ್ತೆಯಾಗಿ, ಮನುಷ್ಯರಲ್ಲಿ ಕಾಣುವ ಮುಂಚೆಯೇ ಸುತ್ತಲ ಊರುಗಳಲ್ಲಿ ಎಚ್ಚರ ವಹಿಸಲಾಯಿತು. ಆ ಮಟ್ಟದ ನಿಗಾ ಬೆಂಗಳೂರಿನ ಸನಿಹಕ್ಕೆ ಸಾಧ್ಯವಾದರೆ ಮಾನ್ವಿಯ ಹಳ್ಳಿಗಳಿಗೂ ಸಾಧ್ಯ.

ಪ್ರಕರಣಗಳ ಸಂಖ್ಯೆ ಏರಿದರೆ ಜಿಲ್ಲೆಗೆ ಕೆಟ್ಟ ಹೆಸರೆಂಬ ಅಂಜಿಕೆ ಆಡಳಿತದಲ್ಲಿ ಸಹಜ. ಆದರೆ ಮಾನ್ವಿಯ ಪ್ರಕರಣ ಹೊರಬಿದ್ದದ್ದು ಅಲ್ಲಿನ ವ್ಯವಸ್ಥೆ ಒಂದು ಮಾದರಿಯನ್ನಾದರೂ ಸರಿಯಾಗಿ ಮುಂದೆ ಕಳಿಸಿದ್ದರಿಂದ. ಅದು ಜಿಲ್ಲೆಯ ಸಿಬ್ಬಂದಿ ಹೆಮ್ಮೆಪಡಬೇಕಾದ ಸಂಗತಿ. ಹೆಚ್ಚು ಪರೀಕ್ಷೆ ಮಾಡಿದ ವರ್ಷ ಸಂಖ್ಯೆ ಏರಿ ಸಾವು ಇಳಿದರೆ ಅದನ್ನು ಯಶಸ್ಸೆಂದು ಬರೆದುಕೊಳ್ಳುವ ಧೈರ್ಯ ಜಿಲ್ಲಾಡಳಿತಕ್ಕೆ ಬರಬೇಕು. ಕ್ಯಾಸನೂರಿನ ಕಾಡಿಗೆ 1957ರಲ್ಲಿ ಸಿಕ್ಕ ಗಮನ ಮಂಗಗಳ ಸಾವಿನಿಂದ, ಹಳದಿ ಜ್ವರದ ಭಯದಿಂದ ಬಂದದ್ದು. ದೇವದುರ್ಗ, ಮಾನ್ವಿಗಳಿಗೆ ಆ ಗಮನ ಹಕ್ಕಾಗಿ ಬರಬೇಕು, ಹತ್ತರಲ್ಲಿ ಒಂದರ ಅದೃಷ್ಟವಾಗಿ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ದಿನವೇ ಫಲಿತಾಂಶ ಕೊಡುವ ಪರೀಕ್ಷೆ, ಜ್ವರ ಬಿಟ್ಟ ಮೇಲೆ ಎರಡು ದಿನ ರೋಗಿಯ ಮೇಲೆ ನಿಗಾ, ಫಲಿತಾಂಶ ಬಂದ ಸಂಜೆಯೇ ಆ ಓಣಿಯ ತೊಟ್ಟಿಗಳ ತಪಾಸಣೆ, ಹೇಳಿದ ದಿನಕ್ಕೆ ತಪ್ಪದೆ ಬರುವ ನೀರು: ಈ ನಾಲ್ಕೂ ಇಂದಿನ ಕೈಗೆಟುಕುವ ಕೆಲಸಗಳು. ಇವುಗಳನ್ನು ಮಾಡುವವರೆಗೆ ಈ ಸೀಮೆಯಲ್ಲಿ ರಕ್ತಸ್ರಾವದ ಜ್ವರದಿಂದ ಸಾಯುವ ಪ್ರತಿ ಮಗುವಿನ ಹೊಣೆ ಸೊಳ್ಳೆಗಿಂತ ಹೆಚ್ಚಾಗಿ ನಮ್ಮ ಆಡಳಿತದ ಮೇಲಿರುತ್ತದೆ.